ಕಾಯದೆ ಬಿಟ್ಟ ಸಾಲು

ಲೋಟ ಬಂದು ಕೂರುವ ಮುಂಚೆಯೇ ಚಹಾ ಸುರಿಯತೊಡಗಿದೆ, ಮೊದಲೊಂದಿಷ್ಟು ಜಾಲರಿಯ ಮೇಲೆ, ಆಮೇಲೆ ಸೊಟ್ಟಗೆ ಬಿದ್ದ ಲೋಟದ ಬೆನ್ನ ಮೇಲೆ, ಆಸ್ಪತ್ರೆಯ ಚಹಾ ಯಂತ್ರಕ್ಕೆ ಇದ್ಯಾವುದೂ ಗೊತ್ತಿಲ್ಲ, ತನ್ನ ಕೆಲಸ ಮುಗಿಯಿತೆಂದು ಹಸಿರು ದೀಪ ಹೊತ್ತಿಸಿಕೊಂಡು ಜಂಬದಿಂದ ನಿಂತಿದೆ — ಹಸಿರು ದೀಪ ಬೇಡ, ಈಗ ಹಸಿರು ದೀಪದ ಯೋಚನೆ ಬೇಡ — ಅಂಟಂಟು ಲೋಟ ಹಿಡಿದು ಭಾವನ ಪಕ್ಕದ ಕುರ್ಚಿಗೆ ಮರಳುತ್ತೇನೆ, ಕುರ್ಚಿಗಳನ್ನೆಲ್ಲ ಒಂದೇ ಕಬ್ಬಿಣದ ಪಟ್ಟಿಗೆ ಬಿಗಿದಿದ್ದಾರೆ, ಭಾವ ಕಾಲು ಅಲ್ಲಾಡಿಸಿದರೆ ನನ್ನ ಬೆನ್ನು ಅಲ್ಲಾಡುತ್ತದೆ, ಎದುರಿನ ಜೋಡಿ ಬಾಗಿಲಿನ ಆಚೆ ಅಕ್ಕನ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನು ತೆಗೆಯುತ್ತಿದ್ದಾರೆ, ಗಡ್ಡೆಯೊಂದನ್ನೇ ಬಿಡಿಸಿ ತೆಗೆಯಲು ಬರುವುದಿಲ್ಲವಂತೆ, ಅದು ಅಲ್ಲಿಯೇ ಮನೆ ಮಾಡಿಕೊಂಡಿದೆ, ಸರ್ಜನ್ ಕಾಗದದ ಮೇಲೆ ತಲೆಯ ಚಿತ್ರ ಬರೆದು ತೋರಿಸಿದ್ದರು, ನೋಡಮ್ಮ, ಇನ್ಮೇಲೆ ಉಸಿರು ಇಲ್ಲಿಂದ, ಕತ್ತಲ್ಲಿ ಮಾಡೋ ಈ ತೂತಿಂದ, ಬಾಯಿಗೂ ಉಸಿರಿಗೂ ಸಂಬಂಧ ಇರಲ್ಲ, ಜೀವಕ್ಕೇನೂ ಯೋಚನೆ ಇಲ್ಲ, ಮಾತು ಮಾತ್ರ — ಮಾತು ಮಾತ್ರ ಎಂದರು, ಉಪ್ಪು ಮಾತ್ರ ಸ್ವಲ್ಪ ಕಡಿಮೆ ಎನ್ನುವ ಹಾಗೆ, ಅಕ್ಕ ಆ ಚಿತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಡಾಕ್ಟ್ರೇ, ಕತ್ತು ಚೆನ್ನಾಗಿ ಬರ್ದಿದೀರಿ, ಮೂಗು ಮಾತ್ರ ನಂದಲ್ಲ ಅಂದಳು, ಸರ್ಜನ್ ನಕ್ಕರು, ಭಾವ ನಗಲಿಲ್ಲ, ನಾನು ಆ ಹೊತ್ತಿಗಾಗಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ, ಮಾತನ್ನು ಹೇಗೆ ಉಳಿಸಿಕೊಳ್ಳಬಹುದು, ಎಲ್ಲಿ ಇಡಬಹುದು, ನನ್ನ ಕೈಯಲ್ಲಿ ಒಂದು ಕೆಲಸವಿದೆ ಎಂದು ಆ ದುಃಖದಲ್ಲೂ ಒಳಗೊಳಗೇ ಹಿಗ್ಗಿದೆನಲ್ಲ, ಅದನ್ನು ನೆನೆದರೆ ನನಗೆ ನಾನೇ ಎರಡು ಬಾರಿಸಬೇಕು ಅನ್ನಿಸುತ್ತದೆ.

ಏಕೆಂದರೆ ಅಕ್ಕ ಎಂದರೆ ದನಿಯೇ, ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಎಡಗಡೆ ಕೂತು ಇಪ್ಪತ್ತು ವರ್ಷದಿಂದ ಜಗತ್ತಿಗೆಲ್ಲ ಕೂಗಿ ಕಲಿಸಿದವಳು, ಕ್ಲಚ್ ಬಿಡು, ನಿಧಾನ, ನಿಧಾನ ಅಂದ್ನಲ್ಲಪ್ಪ, ಕನ್ನಡಿ ಇರೋದು ಹಿಂದೆ ನೋಡೋಕೆ, ತಲೆ ಬಾಚೋಕಲ್ಲ, ಅವಳ ಬೈಗುಳ ತಿನ್ನದೆ ಲೈಸೆನ್ಸ್ ಪಡೆದವರು ಈ ಊರಿನಲ್ಲಿ ಕಡಿಮೆ, ನನಗೂ ಅವಳೇ ಕಲಿಸಿದಳು, ಗೇರ್ ಬೀಳೋಕೆ ಮುಂಚೆನೇ ಕ್ಲಚ್ ಬಿಡ್ತೀಯಲ್ಲೇ ಇಲಿ, ಕಾಯಿ, ಒಂದ್ ಕ್ಷಣ ಕಾಯೋಕಾಗಲ್ವಾ ನಿಂಗೆ — ಇಲಿ ಎಂದರೆ ನಾನು, ಬೀರುವಿನ ಸಂದಿಯಲ್ಲಿ ಕೂತು ಪೆನ್ಸಿಲ್ ಕಡಿಯುತ್ತಿದ್ದ ಕಾಲದ ಹೆಸರು, ತಲೆ ನರೆತರೂ ಬಿಡಲಿಲ್ಲ — ಬೈಯುವ ಮುಂಚೆ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತಾಳೆ, ನೀರಿಗೆ ಧುಮುಕುವವರ ಹಾಗೆ, ಆ ಉಸಿರು ಕೇಳಿಸಿದ ಕೂಡಲೇ ಕಲಿಯುವವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ, ಮಾತೇ ಬೇಕಿಲ್ಲ, ಭಾವ ತಮಾಷೆ ಮಾಡುತ್ತಿದ್ದ, ಗ್ಯಾರೇಜಲ್ಲಿ ಕೂತ್ರೂ ನಂಗೆ ಗೊತ್ತಾಗುತ್ತೆ, ಅವಳು ಉಸಿರೆಳ್ಕೊಂಡ್ಲು, ಯಾರಿಗೋ ಗ್ರಹಚಾರ ಕಾದಿದೆ ಅಂತ. ದನಿ ಕಟ್ಟಿಕೊಡುವ ಸಂಸ್ಥೆಯೊಂದನ್ನು ಹುಡುಕಿದವಳು ನಾನೇ, ಆಪರೇಷನ್ನಿಗೆ ಮುಂಚೆ ನೂರಾರು ವಾಕ್ಯ ಓದಿ ಕಳಿಸಿದರೆ ಸಾಕು, ಆಮೇಲೆ ಫೋನಿನಲ್ಲಿ ಬೆರಳಿನಿಂದ ಬರೆದದ್ದನ್ನೆಲ್ಲ ಅವಳದೇ ದನಿಯಲ್ಲಿ ಹೇಳುವ ಹಾಗೆ ಮಾಡಿಕೊಡುತ್ತಾರೆ, ಬಾಯಿಮಾತಿಗೆ ಸಮ ಅಲ್ಲ, ಆದರೂ ಮಾತು, ಅಕ್ಕ ಮೊದಲು ಗೊಣಗಿದಳು, ನೀಲಿ ಪೆಟ್ಟಿಗೆ ಮೇಜಿನ ಮೇಲಿದೆ, ನಾಳೆ ಮಳೆ ಬರಬಹುದು, ಇದನ್ನೆಲ್ಲ ನಾನ್ಯಾವತ್ತೇ ಹೇಳಿದೀನಿ, ಆಮೇಲೆ ರುಚಿ ಹತ್ತಿತು, ಅವರು ಕೊಟ್ಟ ವಾಕ್ಯ ಮುಗಿಸಿ ತನ್ನದೇ ಸೇರಿಸತೊಡಗಿದಳು, ರೀ, ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ, ಇದು ಬೇಕೇಬೇಕು, ಇದಿಲ್ದೆ ಸಂಸಾರ ನಡೆಯಲ್ಲ ಅಂದಳು. ಒಂದು ದಿನ ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಏನೋ ಮಾತಾಡಿದಳು, ಹೊರಗೆ ಗುನುಗುನು ಮಾತ್ರ ಕೇಳುತ್ತಿತ್ತು, ಬಾಗಿಲು ತೆಗೆದು, ಅದಕ್ಕೆ ಇಲಿಗೆ ಅಂತ ಹೆಸರಿಟ್ಟಿದೀನಿ, ಈಗ ಕೇಳ್ಬೇಡ, ಆಪರೇಷನ್ ಆದ್ಮೇಲೆ ಕೇಳು ಅಂದಳು, ಕಣ್ಣು ಕೆಂಪಗಿತ್ತು, ನಾನು ಕೇಳಲಿಲ್ಲ, ಮಾತಿಗೆ ತಪ್ಪಬಾರದಲ್ಲ.

ಅವಳ ಫೋನಿನಲ್ಲಿ ಜಾಗವೇ ಇರಲಿಲ್ಲ, ಅದೇ ಎಲ್ಲಕ್ಕೂ ಮೂಲ, ಹಳೆಯ ಫೋನು, ಏನೇ ಉಳಿಸಹೋದರೂ ಜಾಗವಿಲ್ಲ ಎನ್ನುತ್ತಿತ್ತು, ನಾನು ಜಾಣೆಯಲ್ಲವೇ, ಉಳಿಸೋದೇ ಬೇಡ ಅಕ್ಕ, ನೀನು ಮಾತಾಡ್ತಾ ಇದ್ದ ಹಾಗೇ ಅದು ನೆಟ್ಟಗೆ ಹೋಗಿ ದೂರದ ಡಿಸ್ಕಲ್ಲಿ ನನ್ನ ಗಂಟಿನೊಳಗೆ ಸೇರ್ಕೊಳ್ಳುತ್ತೆ, ಎಲ್ಲೂ ನಿಲ್ಲಲ್ಲ ಅಂದೆ, ಗಂಟು ಎಂದರೆ ನನ್ನ ಲೈಬ್ರರಿ, ಹನ್ನೊಂದು ವರ್ಷದಿಂದ ಕೂಲಿಯಿಲ್ಲದೆ ಸಾಕಿಕೊಂಡು ಬಂದ ಪ್ರೋಗ್ರಾಮು, ಬೇರೆ ಬೇರೆ ಫೈಲುಗಳನ್ನು ಒಂದೇ ಫೈಲಿನೊಳಗೆ ಕಟ್ಟಿಡುವುದು, ಬೇಕಾದಾಗ ಬಿಚ್ಚಿ ಕೊಡುವುದು, ಅಷ್ಟೇ ಅದರ ಕೆಲಸ, ಯಾರು ಯಾರೋ ಎಲ್ಲೆಲ್ಲಿಯೋ ಬಳಸುತ್ತಾರೆ, ಕೆಟ್ಟಾಗ ಮಾತ್ರ ನೆನೆಯುತ್ತಾರೆ. ಅದರ ಹಳೆಯ ಚಾಳಿ ಒಂದಿತ್ತು, ಒಂದು ತುಂಡನ್ನು ಡಿಸ್ಕಿಗೆ ಕೊಟ್ಟು ಅದು ಬರೆದು ಮುಗಿಸುವ ತನಕ ಬಾಗಿಲ ಬಳಿ ಕೈಕಟ್ಟಿ ನಿಲ್ಲುತ್ತಿತ್ತು, ಬೇರೆ ಯಾವ ಕೆಲಸವನ್ನೂ ಮುಟ್ಟುತ್ತಿರಲಿಲ್ಲ, ಜನ ವರ್ಷಗಟ್ಟಲೆ ಕೇಳಿದರು, ಅಸಿಂಕ್ ಸ್ಟ್ರೀಮ್ ಯಾವಾಗ, ಕೊಟ್ಟು ಬಿಟ್ಟು ಬೇರೆ ಕೆಲಸಕ್ಕೆ ಹೋಗಿ ಮುಗಿದಾಗ ತಿರುಗಿ ಬರುವ ಹಾಗೆ ಮಾಡೋದು ಯಾವಾಗ, ಹಸಿರುಗೂಬೆ ಎಂಬ ಹೆಸರಿನವನಂತೂ ತಿಂಗಳಿಗೊಮ್ಮೆ ಗಂಟಿನ ಪುಟಕ್ಕೆ ಬಂದು ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಹಾಕಿ ಹೋಗುತ್ತಿದ್ದ, ಈ ವರ್ಷ ಹಟ ಹಿಡಿದು ಬರೆದೆ, ಓದುವ ಕಡೆ, ಬರೆಯುವ ಕಡೆ, ಮುಚ್ಚುವ ಕಡೆ, ಎಲ್ಲ ಕಡೆ, ಪ್ರೋಗ್ರಾಮಿನ ಪರೀಕ್ಷೆಗಳೆಲ್ಲ ಹಸಿರು, ಎಂದರೆ ಪಾಸು, ಬಿಡುಗಡೆಗೆ ಮುಂಚೆ ಒಂದು ನಿಜವಾದ ಕೆಲಸಕ್ಕೆ ಹಚ್ಚಿ ನೋಡಬೇಕಿತ್ತು, ದೊಡ್ಡ ಫೈಲು, ನಿಧಾನದ ನೆಟ್‌ವರ್ಕು, ಅಕ್ಕನ ದನಿಗಿಂತ ಒಳ್ಳೆಯದು ಏನು ಸಿಕ್ಕೀತು ಅಂದುಕೊಂಡೆ, ಅಂದುಕೊಂಡೆನಲ್ಲ, ಇದೇ ತಲೆ, ಇದೇ ಕೈ. ಪ್ರತಿ ವಾಕ್ಯ ಮುಗಿದಾಗ ಫೋನಿನಲ್ಲಿ ಹಸಿರು ಗುರುತು ಮೂಡುತ್ತಿತ್ತು, ಅಕ್ಕ ಅದನ್ನು ನೋಡಿ, ನಿನ್ ಪ್ರೋಗ್ರಾಮು ನನ್ ಕಲಿಯೋರಿಗಿಂತ ವಾಸಿ ಕಣೆ, ಹೇಳಿದ್ದನ್ನ ಒಂದೇ ಸಲಕ್ಕೆ ತಲೆಗೆ ಹಾಕ್ಕೊಳ್ಳುತ್ತೆ ಎಂದಳು, ನಾನು ಉಬ್ಬಿಹೋದೆ.

ಇವತ್ತು ಬೆಳಿಗ್ಗೆ ಗಾಲಿಮಂಚದ ಮೇಲೆ ಹಸಿರು ಟೋಪಿ ಹಾಕಿ ಮಲಗಿಸಿದ್ದರು, ಟೋಪಿಯಲ್ಲಿ ಅವಳ ಮುಖ ಚಿಕ್ಕದಾಗಿ ಕಾಣುತ್ತಿತ್ತು, ನರ್ಸ್ ಗಾಲಿಯ ಬೀಗ ತೆಗೆಯುವಾಗ, ಒಂದ್ ನಿಮಿಷ ಸಿಸ್ಟರ್ ಎಂದು ನನ್ನ ಕೈ ಹಿಡಿದಳು, ಎಲ್ಲಾ ಸೇರಿದೆ ತಾನೇ ಇಲಿ, ಸೇರಿದೆ ಕಣೆ ಅಕ್ಕ, ನೋಡಿದ್ಯಾ, ನೋಡಿದೆ — ಗಾತ್ರ ನೋಡಿದ್ದೆ, ಹೆಸರು ನೋಡಿದ್ದೆ, ಒಂದನ್ನೂ ಬಿಚ್ಚಿ ಕೇಳಿರಲಿಲ್ಲ, ಇಲಿಗೆ ಎನ್ನುವುದನ್ನು ಕೇಳಬಾರದೆಂಬ ನೆಪದಲ್ಲಿ ಉಳಿದವನ್ನೂ ಕೇಳಿರಲಿಲ್ಲ — ಸರಿ ಹಾಗಾದ್ರೆ, ಇನ್ನು ಬಾಯಿ ಮುಚ್ಕೊಂಡಿದ್ರೂ ನಡೆಯುತ್ತೆ ಅಂದಳು, ಬಾಗಿಲ ತನಕ ಏನೂ ಮಾತಾಡಲಿಲ್ಲ, ನಗುನಗುತ್ತಲೇ ಹೋದಳು, ಸಂತೆ ಮುಗಿಸಿ ಚೀಲ ಮನೆಗೆ ಕಳಿಸಿ ಆದವರ ಹಾಗೆ ಹಗುರವಾಗಿ. ಬಾಗಿಲು ಮುಚ್ಚಿಕೊಂಡ ಮೇಲೆ ಫೋನು ನೋಡಿದರೆ ದನಿ ಕಟ್ಟುವವರ ತಂತ್ರಜ್ಞೆಯ ಮೇಲ್ ಬಂದು ಕೂತಿತ್ತು, ತುಂಬ ಸಭ್ಯವಾದ ಮೇಲ್, ಮೇಡಂ, ನೀವು ಕಳಿಸಿದ ಧ್ವನಿಗಳು ಮೊದಲ ಕ್ಷಣದ ನಂತರ ಕೇಳಿಸುತ್ತಿಲ್ಲ, ದಯವಿಟ್ಟು ಮೂಲ ಪ್ರತಿಗಳನ್ನು ಕಳಿಸಿಕೊಡಿ, ಮೂಲ ಪ್ರತಿಗಳು, ಎಲ್ಲೂ ಉಳಿಸಿಯೇ ಇಲ್ಲವಲ್ಲ, ಆದರೂ ಅವರ ಕಡೆಯೇ ಏನೋ ತಪ್ಪಿದೆ ಎಂದು ಮೊದಲು ಅವರನ್ನೇ ಬೈದುಕೊಂಡೆ, ಮನುಷ್ಯರ ಬುದ್ಧಿ ನೋಡಿ, ಲ್ಯಾಪ್‌ಟಾಪ್ ತೆಗೆದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ, ಟವೆಲ್ಲಿನ ಫೈಲು ಒತ್ತಿದೆ, ಉಸಿರು, ಅಕ್ಕನ ಆ ಧುಮುಕುವ ಉಸಿರು, ಇನ್ನೇನು ರೀ ಎನ್ನಬೇಕು, ಅಷ್ಟರಲ್ಲಿ ಟಕ್, ಆಮೇಲೆ ಟಕ್ ಟಕ್ ಟಕ್ ಟಕ್, ಅದೊಂದೇ, ಕೊನೆಯ ತನಕ. ಮುಂದಿನದು, ಉಸಿರು, ಟಕ್ ಟಕ್ ಟಕ್. ನೀಲಿ ಪೆಟ್ಟಿಗೆ, ಉಸಿರು, ಟಕ್ ಟಕ್. ಆ ಟಕ್ ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ಮಾತು ಮುಗಿದ ಮೇಲೆ ನಿಲ್ಲಿಸುವ ಗುಂಡಿಯ ಮೇಲೆ ಅಕ್ಕನ ಉಗುರು ಬಡಿಯುವ ಸದ್ದು ಅದು, ಫೋನನ್ನೂ ಕಾರಿನ ಸ್ವಿಚ್ಚಿನ ಹಾಗೆ ಕುಕ್ಕುತ್ತಾಳೆ.

ತಪ್ಪು ಹುಡುಕಲು ಕಷ್ಟವೇ ಆಗಲಿಲ್ಲ, ಕಣ್ಣಿಗೆ ರಾಚುವ ಹಾಗಿತ್ತು, ದನಿಯ ಒಂದು ತುಂಡನ್ನು ಬುಟ್ಟಿಗೆ ತುಂಬಿ ಡಿಸ್ಕಿಗೆ ಕೊಡಬೇಕು, ಅದು ಖಾಲಿ ಮಾಡಿದೆ ಎನ್ನುವ ತನಕ ಆ ಬುಟ್ಟಿಯನ್ನು ಮುಟ್ಟಬಾರದು, ಹಳೆಯ ಪ್ರೋಗ್ರಾಮು ನಿಂತು ಕಾಯುತ್ತಿದ್ದುದರಿಂದ ಈ ಪ್ರಶ್ನೆಯೇ ಏಳುತ್ತಿರಲಿಲ್ಲ, ಹೊಸದರಲ್ಲಿ ಕಾಯು ಎಂಬ ಒಂದು ಪದವನ್ನು ಆ ಸಾಲಿನ ಮುಂದೆ ಬರೆಯಬೇಕಿತ್ತು, ಎಲ್ಲ ಕಡೆ ಬರೆದಿದ್ದೇನೆ, ಈ ಒಂದು ಸಾಲಿನಲ್ಲಿ ಇಲ್ಲ, ಹಾಗಾಗಿ ಡಿಸ್ಕು ಕೈಚಾಚುವ ಮುಂಚೆಯೇ ಅದೇ ಬುಟ್ಟಿಗೆ ಮುಂದಿನ ತುಂಡು, ಅದರ ಮೇಲೆ ಅದರ ಮುಂದಿನದು, ಮಾತೆಲ್ಲ ಮುಗಿದ ಮೇಲೆ ದೂರದ ಡಿಸ್ಕು ತೂಕಡಿಸುತ್ತ ಒಂದೊಂದಾಗಿ ತೆಗೆದುಕೊಳ್ಳಲು ಬಂದಾಗ ಬುಟ್ಟಿಯಲ್ಲಿ ಉಳಿದಿದ್ದುದು ಕೊನೆಯ ತುಂಡು, ಟಕ್, ಅದನ್ನೇ ಎಷ್ಟು ಸಲ ಕೊಟ್ಟರೂ ಅಷ್ಟು ಸಲ ಬರೆದುಕೊಂಡಿತು, ಮೊದಲ ತುಂಡು ಮಾತ್ರ ಪಾರಾಯಿತು, ಆಗಿನ್ನೂ ಸಾಲಿನಲ್ಲಿ ಮುಂದೆ ಯಾರೂ ಇರಲಿಲ್ಲವಲ್ಲ, ಮೊದಲ ತುಂಡು ಎಂದರೆ ಒಂದು ಉಸಿರಿನಷ್ಟು. ಗಾತ್ರ ಸರಿ, ಹೆಸರು ಸರಿ. ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ ಎಂದು ತೆಗೆದು ನೋಡಿದರೆ ನಾನು ಇಟ್ಟಿದ್ದ ಪರೀಕ್ಷೆಯ ಫೈಲಿನಲ್ಲಿ ಮೊದಲಿಂದ ಕೊನೆಯ ತನಕ ಒಂದೇ ಅಕ್ಷರ, ಅ ಅ ಅ ಅ, ಸೋಮಾರಿತನಕ್ಕೆ ಹಾಗೆ ತುಂಬಿದ್ದೆ, ಯಾವ ತುಂಡು ಯಾವುದರ ಜಾಗದಲ್ಲಿ ಕೂತರೂ ಅ ಎಂದರೆ ಅ, ವ್ಯತ್ಯಾಸ ಹೇಗೆ ಗೊತ್ತಾಗಬೇಕು. ಮುದುಕನಿಗೆ ಗೊತ್ತಾಗಿತ್ತು, ಈ ಲೈಬ್ರರಿಯನ್ನು ನನ್ನ ಜೊತೆ ನೋಡಿಕೊಳ್ಳುವವ, ಎಲ್ಲಿದ್ದಾನೋ, ಮುಖ ನೋಡಿಲ್ಲ, ತನ್ನನ್ನು ತಾನೇ ಮುದುಕ ಎಂದು ಕರೆದುಕೊಳ್ಳುತ್ತಾನೆ, ಇದೇ ಸಾಲಿನ ಪಕ್ಕದಲ್ಲಿ ಬರೆದಿದ್ದ, ಇಲ್ಲಿ ಕಾಯ್ಬೇಕಲ್ವಾ, ನಾನು ಉತ್ತರ ಕೊಟ್ಟಿದ್ದೆ, ಪರೀಕ್ಷೆ ಎಲ್ಲಾ ಹಸಿರು ಇದೆ ತಾತ, ಬಿಡಿ, ಜೊತೆಗೊಂದು ನಗುವ ಮುಖ, ಆ ನಗುವ ಮುಖ ಈಗಲೂ ಅಲ್ಲಿಯೇ ಹಲ್ಲು ಕಿರಿಯುತ್ತಿದೆ.

ಏನಾದರೂ ಉಳಿದಿರಬೇಕು, ಎಲ್ಲಾದರೂ, ಮುದುಕನಿಗೆ ಬರೆದೆ, ಅವನು, ಆಗ್ಲೇ ಹೇಳಿದ್ದೆನಲ್ಲ, ಎನ್ನಲಿಲ್ಲ, ಎಂದಿದ್ದರೆ ವಾಸಿಯಿತ್ತು, ಮೆಮೊರಿಯಲ್ಲಿ ಏನಾದ್ರೂ ಉಳಿದಿದ್ಯಾ ನೋಡಮ್ಮ, ಆ ಫೋನ್ ಆಮೇಲೆ ಆಫ್ ಮಾಡಿ ಆನ್ ಮಾಡಿಲ್ಲ ತಾನೇ ಎಂದ, ಮಾಡಿದ್ದೇನೆ ತಾತ, ಎಷ್ಟೋ ಸಲ, ಆಮೇಲೆ ಅವನು ಬರೆಯುತ್ತಿದ್ದಾನೆ ಎಂದು ತೋರಿಸುವ ಮೂರು ಚುಕ್ಕಿ ಎದ್ದು ಎದ್ದು ಅಡಗಿದವು. ಫೈಲನ್ನು ಬಿಚ್ಚಿ ಅಂಕೆಗಳಾಗಿ ನೋಡಿದೆ, ಒಂದೇ ಸಾಲು ಮತ್ತೆ ಮತ್ತೆ, ಗೋಡೆಗೆ ಸುಣ್ಣ ಬಳಿದ ಹಾಗೆ, ಕೆರೆದರೆ ಹಳೆಯ ಬಣ್ಣ ಸಿಗುವುದಕ್ಕೆ ಇದು ಗೋಡೆಯೂ ಅಲ್ಲ. ಇಲಿಗೆ ಎನ್ನುವುದು ಎಲ್ಲಕ್ಕಿಂತ ದೊಡ್ಡ ಫೈಲು, ಅಷ್ಟುದ್ದ ಏನು ಹೇಳಿದಳೋ, ಬೈದಳೋ, ಅತ್ತಳೋ, ಅಮ್ಮ ಹೋದ ಮೇಲೆ ನನ್ನ ಜಡೆ ಹಾಕಿದ್ದನ್ನೋ, ನಾನು ಕಾರನ್ನು ಗೋಡೆಗೆ ಗುದ್ದಿದ ದಿನ ತಾನೇ ಗುದ್ದಿದೆ ಎಂದು ಭಾವನಿಗೆ ಸುಳ್ಳು ಹೇಳಿದ್ದನ್ನೋ, ಅದನ್ನು ಮಾತ್ರ ಒತ್ತಲು ಬೆರಳು ಏಳಲಿಲ್ಲ, ಒತ್ತದಿದ್ದರೆ ಇನ್ನೂ ಒಳಗೆ ಇದೆ ಎಂದುಕೊಳ್ಳಬಹುದಲ್ಲ, ಆಮೇಲೆ ಒತ್ತಿದೆ, ಉಸಿರು, ಬೇರೆಯದಕ್ಕಿಂತ ಉದ್ದದ ಉಸಿರು, ಎಳೆದುಕೊಳ್ಳುವಾಗ ನಡುವೆ ಒಂದು ಕಡೆ ನಡುಗುತ್ತದೆ, ಇ ಎನ್ನುವ ಅಕ್ಷರದ ಅರ್ಧ ಇದೆಯೋ ಇಲ್ಲವೋ, ಟಕ್.

ಭಾವ, ನಿಮ್ಮ ಫೋನಲ್ಲಿ ಅಕ್ಕನ ವಿಡಿಯೋ ಏನಾದ್ರೂ ಇದ್ಯಾ, ಮಾತಾಡಿರೋದು, ಯಾಕೆ, ಸುಮ್ನೆ, ಭಾವ ಗ್ರೀಸು ಹತ್ತಿದ ಹೆಬ್ಬೆರಳಿನಿಂದ ಒಂದೊಂದೇ ತಳ್ಳುತ್ತ ಹುಡುಕುತ್ತಾನೆ, ಎಂಜಿನ್ನಿನ ಫೋಟೋ, ಬೆಲ್ಟಿನ ಫೋಟೋ, ಒಂದು ವಿಡಿಯೋದಲ್ಲಿ ಅಕ್ಕ ಕಾರಿನ ಕಿಟಕಿಯಿಂದ ತಲೆ ಹಾಕಿ ಏನೋ ಹೇಳುತ್ತಾಳೆ, ಎಂಜಿನ್ನು ಅರಚುತ್ತಿದೆ, ಇದು ಎಂಜಿನ್ ಸದ್ದಿಗೆ ಹಿಡಿದಿದ್ದು, ಟ್ಯಾಪೆಟ್ ಹೊಡ್ಕೋತಿತ್ತು ಎನ್ನುತ್ತಾನೆ, ಅವಳು ಕ್ಯಾಮೆರಾ ಕಂಡ್ರೆ ಬೈಯ್ತಾ ಇದ್ಲಲ್ಲ, ದನಿ ರೆಕಾರ್ಡ್ ಮಾಡಿ ಕಳ್ಸು ಅಂದ್ರೆ, ಗೋಡೆ ಜೊತೆ ಯಾರ್ ಮಾತಾಡ್ತಾರೆ, ಫೋನ್ ಮಾಡ್ತೀನಿ ಎತ್ತಿ ಅಂತಿದ್ಲು, ಎತ್ತುತ್ತಿದ್ದೆವು, ಮಾತಾಡುತ್ತಿದ್ದೆವು, ಇಡುತ್ತಿದ್ದೆವು, ಯಾರು ಹಿಡಿದಿಟ್ಟುಕೊಂಡರು. ಆಗ ಹೇಳಿದೆ, ಹೇಳದೆ ಕೂರಲು ಆ ಕಬ್ಬಿಣದ ಪಟ್ಟಿ ಬಿಡಲಿಲ್ಲ, ನನ್ನ ನಡುಕ ಅವನಿಗೆ ಆಗಲೇ ತಲುಪಿತ್ತು, ಭಾವ, ಅಕ್ಕ ಓದಿದ್ದೆಲ್ಲ ಹಾಳಾಗಿದೆ, ನನ್ನಿಂದ, ಪ್ರೋಗ್ರಾಮಲ್ಲಿ ತಪ್ಪಾಗಿದೆ, ಒಂದೂ ಉಳಿದಿಲ್ಲ. ಭಾವ ತನ್ನ ಲೋಟದ ತಳದಲ್ಲಿದ್ದ ಚಹಾ ಕುಡಿದ, ರಿಪೇರಿಗೆ ಬಂದವರಿಗೆ ಹೇಳುವ ಅದೇ ದನಿಯಲ್ಲಿ, ಹೋಗ್ಲಿ ಬಿಡು, ಅದಕ್ಯಾಕೆ ಅಳ್ತೀಯ, ಇನ್ನೊಂದ್ಸಲ ಓದ್ಸಿದ್ರಾಯ್ತು ಎಂದ. ಎಂದು ಮುಗಿಸಿ ಲೋಟವನ್ನು ನೆಲದ ಮೇಲೆ ಇಡಲು ಬಗ್ಗಿದ, ಬಗ್ಗಿದಲ್ಲೇ ತಡೆದ, ಜೋಡಿ ಬಾಗಿಲಿನ ಕಡೆ ನೋಡಿದ, ಆಮೇಲೆ ಬೆನ್ನು ಎತ್ತಲೇ ಇಲ್ಲ, ಮೊಣಕಾಲಿನ ಮೇಲೆ ಹಣೆ ಇಟ್ಟುಕೊಂಡು ಕೂತುಬಿಟ್ಟ, ನಾನು ಅವನ ಬೆನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡೆ.

ಮಾಡಲು ಬೇರೇನೂ ಇಲ್ಲದೆ ತಪ್ಪು ತಿದ್ದಿದೆ, ಕಾಯು, ಒಂದು ಪದ, ಸಾಲಿನ ಮುಂದೆ, ಪರೀಕ್ಷೆಯ ಫೈಲಿಗೆ ಬೇರೆ ಬೇರೆ ಅಕ್ಷರ ತುಂಬಿದೆ, ಓಡಿಸಿದೆ, ಹಸಿರು, ಈಗಿನದು ನಿಜವಾದ ಹಸಿರು, ಮುದುಕ ಒಪ್ಪಿಗೆ ಒತ್ತಿದ, ಹೊಸ ಗಂಟು ಬಿಡುಗಡೆಯಾಯಿತು, ಹಸಿರುಗೂಬೆ ಎಲ್ಲಿಂದಲೋ ಹಾರಿ ಬಂದು, ಕೊನೆಗೂ ಬಂತು, ತುಂಬ ಥ್ಯಾಂಕ್ಸ್, ಎಷ್ಟು ಜನಕ್ಕೆ ಉಪಕಾರ ಆಯ್ತು ಗೊತ್ತಾ ಎಂದು ಬರೆದ, ಹೌದು, ಇನ್ನು ಮೇಲೆ ಯಾರ ಫೈಲೂ ಹೀಗೆ ಹಾಳಾಗುವುದಿಲ್ಲ, ಬಿಲ್ಲುಗಳು, ನಕ್ಷೆಗಳು, ಯಾರದೋ ಮನೆಯ ಮಗುವಿನ ಫೋಟೋಗಳು, ಎಲ್ಲ ನೆಟ್ಟಗೆ ಬಂದು ನೆಟ್ಟಗೆ ಕೂರುತ್ತವೆ, ನನ್ನ ಗಂಟಿಗೆ ಈಗ ಕಾಯಲು ಬರುತ್ತದೆ, ಆ ಉಪಕಾರವನ್ನು ನಾನು ಎಲ್ಲಿಟ್ಟುಕೊಳ್ಳಲಿ. ಸರ್ಜನ್ ಹೊರಗೆ ಬಂದು ಚೆನ್ನಾಗಾಯ್ತು, ಪೂರ್ತಿ ತೆಗೆದಿದೀವಿ ಎಂದರು, ಪೂರ್ತಿ, ಭಾವ ಕೈ ಮುಗಿದ, ನಾನೂ ಮುಗಿದೆ, ಸಂಜೆ ನರ್ಸ್ ಬಂದು, ಎಚ್ಚರ ಆಗಿದೆ, ಒಬ್ರು ಮಾತ್ರ ಬನ್ನಿ, ಜಾಸ್ತಿ ಹೊತ್ತು ಬೇಡ ಎಂದಾಗ, ನೀವು ಹೋಗಿ ಭಾವ ಎಂದೆ, ಅವನು ಒಲ್ಲೆನೆಂದು ತಲೆಯಾಡಿಸಿದ, ನನ್ ಮುಖ ನೋಡಿದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ, ನೀನು ಹೋಗು, ಇವತ್ತು ಹೇಳ್ಬೇಡ, ಇವತ್ತೊಂದಿನ — ನನ್ನ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ, ಸುಳ್ಳು ಹೇಳಲು ನನಗೆ ಚೆನ್ನಾಗಿ ಬರುತ್ತದೆ ಎಂದು ಅವನಿಗೂ ಗೊತ್ತಿದೆಯೇ — ನೀಲಿ ಅಂಗಿ ತೊಡಿಸುತ್ತಾರೆ, ಕೈ ತೊಳೆಸುತ್ತಾರೆ, ಪರದೆಯ ಆಚೆ ಅಕ್ಕ, ಕತ್ತಿನ ನಡುವೆ ಒಂದು ನಳಿಕೆ, ಸುತ್ತ ಬಿಳಿ ಬಟ್ಟೆ, ಮೂಗು ಬಾಯಿ ಎರಡಕ್ಕೂ ಕೆಲಸವಿಲ್ಲ, ಕಣ್ಣು ಮಾತ್ರ ಅವಳದೇ, ನನ್ನನ್ನು ಕಂಡು ಸಣ್ಣಗಾಗುತ್ತವೆ, ನಗುತ್ತಿದ್ದಾಳೆ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದ ಕೈಯನ್ನು ಮೆಲ್ಲಗೆ ಎತ್ತಿ ತನ್ನ ಕಿವಿ ತೋರಿಸುತ್ತಾಳೆ, ನನ್ನನ್ನು ತೋರಿಸುತ್ತಾಳೆ, ಹುಬ್ಬು ಏರಿಸುತ್ತಾಳೆ, ಕೇಳಿದ್ಯಾ, ನಿಂಗೆ ಅಂತ ಇಟ್ಟಿದ್ದನ್ನ ಕೇಳಿದ್ಯಾ, ನಾನು ಹೂಂ ಎಂದು ತಲೆಯಾಡಿಸುತ್ತೇನೆ, ಕೇಳಿದೆ ಅಕ್ಕ, ಅವಳ ಕಣ್ಣು ತುಂಬಿಕೊಳ್ಳುತ್ತದೆ, ಅದಕ್ಕೆ ನೀನೇನಂತೀಯ ಎನ್ನುವ ಹಾಗೆ ಕಾಯುತ್ತಾಳೆ, ಏನು ಹೇಳಲಿ, ಯಾವ ಮಾತಿಗೆ ಉತ್ತರ ಕೊಡಲಿ, ನಾನು ಸುಮ್ಮನಿರುವುದನ್ನು ನೋಡಿ ಅವಳೇ ಏನೋ ಹೇಳಹೊರಡುತ್ತಾಳೆ, ಮರೆತುಬಿಟ್ಟಿದ್ದಾಳೆ, ಇಪ್ಪತ್ತು ವರ್ಷದ ಅಭ್ಯಾಸ, ಬಾಯಿ ತೆರೆಯುತ್ತದೆ, ಎದೆ ಏರುತ್ತದೆ, ಕತ್ತಿನ ನಳಿಕೆಯಲ್ಲಿ ಆ ಉಸಿರು, ಅದೇ ಉಸಿರು, ನಡುವೆ ಒಂದು ಕಡೆ ನಡುಗಿ, ಇನ್ನೇನು — ಕ್ಲಿಪ್ಪಿನ ಬೆರಳು ಮಂಚದ ಕಂಬಿಗೆ ತಾಗುತ್ತದೆ, ಟಕ್ — ಮತ್ತೆ ಎದೆ ಏರುತ್ತದೆ, ಬಾಯಿ ತೆರೆದೇ ಇದೆ, ಉಸಿರು, ಟಕ್ — ಉಸಿರು —